ಎಡ ಚಕ್ರದ ಡಿಸ್ಕು

ಬಿ.ಸಿ. ರೋಡಿನಿಂದ ಪಾಣೆಮಂಗಳೂರಿಗೆ ಇಳಿಯುವ ಹಳೆಯ ದಾರಿಯಲ್ಲಿ ಕಮಲಾಕ್ಷನ ಲೇತ್ ಶೆಡ್ಡು. ಬೋರ್ಡು ಇಲ್ಲ. ಬೇಕಾದವರಿಗೆ ಜಾಗ ಗೊತ್ತುಂಟು, ಬೇಡದವರಿಗೆ ಬೋರ್ಡು ಯಾಕೆ ಎನ್ನುತ್ತಿದ್ದ. ತೋಟದ ಪಂಪಿನ ಶಾಫ್ಟು, ಹಿಟ್ಟಿನ ಗಿರಣಿಯ ಪುಲ್ಲಿ, ಟಿಲ್ಲರಿನ ಬುಶ್ಶು, ಏನು ಬಂದರೂ ಮಾಡುತ್ತಿದ್ದ. ಆದರೆ ಬಂಟ್ವಾಳದಿಂದ ಬೆಳ್ತಂಗಡಿ, ಮೂಡುಬಿದಿರೆಯವರೆಗೆ ಮೆಕ್ಯಾನಿಕ್‌ಗಳ ಬಾಯಲ್ಲಿ ಅವನ ಹೆಸರು ನಿಂತದ್ದು ಕಾರಿನ ಬ್ರೇಕ್ ಡಿಸ್ಕಿನಿಂದ.

ಬ್ರೇಕು ಒತ್ತಿದಾಗ ಸ್ಟೇರಿಂಗ್ ಗಡಗಡ ನಡುಗಿದರೆ ಡಿಸ್ಕಿನ ಮೈ ಏರುಪೇರಾಗಿದೆ ಎಂದು ಅರ್ಥ. ಶೋರೂಮಿಗೆ ಹೋದರೆ ಹೊಸತೇ ಹಾಕಬೇಕು ಎನ್ನುತ್ತಾರೆ. ಕಮಲಾಕ್ಷ ಹಳೆಯದನ್ನೇ ಲೇತಿಗೆ ಕಟ್ಟಿ, ಎರಡೂ ಬದಿಯಿಂದ ಕೂದಲೆಳೆಯಷ್ಟು ಸವರಿ, ನುಣುಪು ಮಾಡಿ ಕೊಡುತ್ತಿದ್ದ. ಹಾಗಂತ ಬಂದದ್ದನ್ನೆಲ್ಲ ಮಾಡುತ್ತಿರಲಿಲ್ಲ. ಡಿಸ್ಕಿನ ಮೇಲೆ ಕಂಪೆನಿಯವರೇ ಕೊರೆದ ಒಂದು ಅಂಕಿ ಇರುತ್ತದೆ. ಅದಕ್ಕಿಂತ ತೆಳುವಾಗುವಂತಿದ್ದರೆ ಮುಟ್ಟದೆ ವಾಪಸು ಕೊಡುತ್ತಿದ್ದ. ಅದೊಂದು ಪರೀಕ್ಷೆ. ಇನ್ನೊಂದು ಅವನದೇ. ಡಿಸ್ಕನ್ನು ತಂತಿಯಲ್ಲಿ ನೇತುಹಾಕಿ ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟುವುದು. ಒಳ್ಳೆಯ ಡಿಸ್ಕು ಗಂಟೆಯ ಹಾಗೆ ಟಣ್ ಎಂದು ದನಿ ಎಳೆಯುತ್ತದೆ. ಬಿರುಕು ಬಿಟ್ಟದ್ದು ಒಡೆದ ಮಡಕೆಯ ಹಾಗೆ ಡಬ್ ಎಂದು ಅಲ್ಲೇ ಸಾಯುತ್ತದೆ.

ಇದನ್ನು ಕಲಿತದ್ದು ಹಂಚಿನ ಕಾರ್ಖಾನೆಯಲ್ಲಿ. ನರಿಕೊಂಬಿನ ಮನೆಗೆ ಗದ್ದೆ ಇತ್ತು. ಅಣ್ಣಂದಿರಲ್ಲಿ ಒಬ್ಬ ಗದ್ದೆಗೆ ನಿಂತ, ಒಬ್ಬ ದುಬಾಯಿಗೆ ಹೋದ. ಇವನು ಹದಿನೆಂಟಕ್ಕೆ ನೇತ್ರಾವತಿ ದಡದ ಹಂಚಿನ ಕಾರ್ಖಾನೆಗೆ ಸೇರಿ ಅಲ್ಲಿನ ಲೇತಿನ ಮುಂದೆ ನಿಂತ. ಸುಟ್ಟ ಹಂಚುಗಳನ್ನು ಆರಿಸುವ ಕೆಲಸಕ್ಕೆ ಅಲ್ಲಿ ಮೈಮೂನಮ್ಮ ಎಂಬವರಿದ್ದರು. ಒಂದೊಂದು ಹಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಣ್ಣೆತ್ತಿಯೂ ನೋಡದೆ ಈಚೆಗೋ ಆಚೆಗೋ ಇಡುತ್ತಿದ್ದರು. "ಬಿರುಕು ಕಣ್ಣಿಗೆ ಸುಳ್ಳು ಹೇಳ್ತದೆ ಮಗಾ, ಕಿವಿಗೆ ಹೇಳುದಿಲ್ಲ" ಎಂದು ನಗುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಕಮಲಾಕ್ಷ ಆ ಲೇತನ್ನೇ ಕೊಂಡು ತಂದ. ಮೈಮೂನಮ್ಮನ ವಿದ್ಯೆಯೂ ಅದರ ಜೊತೆ ಬಂತು.

ಐವತ್ತೈದು ದಾಟಿದ ಮೇಲೆ ಆ ಕಿವಿ ಕೈಕೊಡತೊಡಗಿತು. ಮೊದಲು ಹೋದದ್ದು ಕುಕ್ಕರಿನ ಸೀಟಿ. ಆಮೇಲೆ ಫೋನಿನಲ್ಲಿ ಹೆಂಗಸರ ಮಾತು. ಹೆಂಡತಿ ಕಾಂತಿ ಅಡುಗೆಮನೆಯಿಂದ ಕರೆದರೆ ಎರಡನೇ ಕೂಗಿಗೆ ಓಗೊಡುತ್ತಿದ್ದ. ಕೇಳಿದರೆ "ಎಂತದೋ ಆಲೋಚನೆಯಲ್ಲಿದ್ದೆ" ಎನ್ನುತ್ತಿದ್ದ. ನಲವತ್ತು ವರ್ಷ ಕಬ್ಬಿಣದ ಕಿರುಚಾಟದ ಪಕ್ಕ ನಿಂತವನ ಕಿವಿ ಹೀಗಾಗುವುದು ದೊಡ್ಡ ವಿಷಯವಲ್ಲ. ಆದರೆ ಲೇತಿನವನಿಗೆ ಕಿವಿ ಇಲ್ಲವಂತೆ ಎಂಬ ಮಾತು ಒಮ್ಮೆ ಬಿ.ಸಿ. ರೋಡಿಗೆ ಹೋಯಿತೆಂದರೆ ಆಮೇಲೆ ಯಾರು ಬರುತ್ತಾರೆ? ಅವನು ಯಾರಿಗೂ ಹೇಳಲಿಲ್ಲ. ಡಿಸ್ಕನ್ನು ತಟ್ಟುವುದನ್ನು ಬಿಡಲೂ ಇಲ್ಲ. ತಟ್ಟುತ್ತಿದ್ದ, ಕೇಳಿದಷ್ಟು ಕೇಳುತ್ತಿದ್ದ, ಉಳಿದದ್ದನ್ನು ಅಂದಾಜು ಮಾಡುತ್ತಿದ್ದ.

ಸಂಕ್ರಾಂತಿ ಕಳೆದ ವಾರದ ಗುರುವಾರ ಅಬ್ದುಲ್ ಶುಕೂರ್ ಎರಡು ಡಿಸ್ಕು ತಂದ. ಶುಕೂರ್ ಮೇಲಿನ ತಿರುವಿನಲ್ಲಿ ಗ್ಯಾರೇಜು ಇಟ್ಟವನು, ಕಮಲಾಕ್ಷನಿಗಿಂತ ಹದಿನೈದು ವರ್ಷಕ್ಕೆ ಸಣ್ಣವನು. ಕಾರು ಮುಂಡಾಜೆಯ ಪದ್ಮಯ್ಯ ಗೌಡರದು. ಗೌಡರು ಅಡಿಕೆ, ರಬ್ಬರು ಇರುವ ಕೃಷಿಕರು, ಮಾತು ಕಡಿಮೆ. ಅವರೂ ಹಿಂದೆಯೇ ನಡೆದುಕೊಂಡು ಬಂದಿದ್ದರು.

"ಹೊಸತು ಹಾಕುವ ಅಂತ ಹೇಳಿದೆ ಕಮಲಾಕ್ಷಣ್ಣ," ಎಂದ ಶುಕೂರ್. "ಮಂಗಳೂರಿನಿಂದ ಬರ್ಲಿಕ್ಕೆ ನಾಲ್ಕು ದಿನ ಬೇಕು. ಇವರಿಗೆ ನಾಳೆ ಘಾಟಿ ಹತ್ತಲಿಕ್ಕುಂಟು."

"ನನ್ನ ಹೆಂಡತಿಯ ತಂಗಿಯದ್ದು ಬಣಕಲ್‌ನಲ್ಲಿ ಗೃಹಪ್ರವೇಶ," ಎಂದರು ಗೌಡರು. "ಶನಿವಾರ ಊಟ ಮುಗಿಸಿ ಇಳಿಯುವುದು. ಇವತ್ತು ಮೂಡುಬಿದಿರೆಗೆ ಹೋಗಿ ಹಾಸ್ಟೆಲಿನಿಂದ ಮಗಳನ್ನು ಕರಕೊಂಡು ಬರಬೇಕು. ಹಳೆಯ ಕಬ್ಬಿಣ ಗಟ್ಟಿ ಅಲ್ವಾ? ಸವರಿ ಕೊಡಿ, ಸಾಕು."

ಕಮಲಾಕ್ಷ ವರ್ನಿಯರ್ ಹಿಡಿದು ಅಳೆದ. ದಪ್ಪ ಬೇಕಾದಷ್ಟಿತ್ತು. ಸವರಿದ ಮೇಲೂ ಅಂಕಿಗಿಂತ ಮೇಲೇ ಉಳಿಯುತ್ತಿತ್ತು. ಬಲ ಚಕ್ರದ್ದನ್ನು ತಂತಿಗೆ ಹಾಕಿ ತಟ್ಟಿದ. ಟಣ್. ಎಡ ಚಕ್ರದ್ದನ್ನು ತಟ್ಟಿದ.

ದನಿ ಬರಲಿಲ್ಲ. ಬಂತು, ಆದರೆ ಮಂದವಾಗಿ, ಗೋಣಿಯೊಳಗೆ ತಟ್ಟಿದ ಹಾಗೆ. ಅದೇ ಹೊತ್ತಿಗೆ ಪಕ್ಕದ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಶುರುವಾಗಿತ್ತು. ಕಮಲಾಕ್ಷ ತಲೆ ತಿರುಗಿಸಿ ಇನ್ನೊಂದು ಕಿವಿ ಕೊಟ್ಟ. ಮತ್ತೆ ತಟ್ಟಿದ. ಹಾಗೆಯೇ. ಗೌಡರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೂರನೇ ಸಲ ತಟ್ಟಿದರೆ ಶುಕೂರ್ ಯಾಕೆಂದು ಕೇಳಿಯಾನು. ಈ ಕಂಪ್ರೆಸರಿನ ಸದ್ದಿಗೆ ಈಗೀಗ ಎಲ್ಲವೂ ನನಗೆ ಮಂದವೇ, ಇದೂ ಹಾಗೆಯೇ ಇರಬೇಕು ಎಂದು ಕಮಲಾಕ್ಷ ತನಗೇ ಹೇಳಿಕೊಂಡ. ಡಿಸ್ಕನ್ನು ತಿರುಗಿಸಿ ಕಣ್ಣಲ್ಲೇ ಹುಡುಕಿದ. ಡಿಸ್ಕಿನ ಆಕಾರ ಟೊಪ್ಪಿಯ ಹಾಗೆ. ನಡುವಿನ ಉಬ್ಬು ಚಕ್ರಕ್ಕೆ ಬೋಲ್ಟಾಗುತ್ತದೆ, ಸುತ್ತಲಿನ ಅಂಚನ್ನು ಬ್ರೇಕು ಹಿಡಿಯುತ್ತದೆ. ಅಂಚು ಚೊಕ್ಕ ಇತ್ತು. ಉಬ್ಬೂ ಅಂಚೂ ಸೇರುವ ಕುತ್ತಿಗೆಯ ಒಳಬದಿಯಲ್ಲಿ ತುಕ್ಕು ದಪ್ಪಕ್ಕೆ ಕೂತಿತ್ತು. ಅದು ಎಲ್ಲ ಹಳೆಯ ಡಿಸ್ಕಿನಲ್ಲೂ ಇರುವಂಥದ್ದೇ.

ಲೇತಿಗೆ ಕಟ್ಟಿದ. ಒಂದು ಗಂಟೆಯಲ್ಲಿ ಎರಡೂ ಡಿಸ್ಕು ಕನ್ನಡಿಯಾದವು. ಸೀಮೆಸುಣ್ಣದಿಂದ ಸರಿ ಎಂಬ ಗುರುತು ಹಾಕಿ ಶುಕೂರನ ಕೈಗೆ ಕೊಟ್ಟ.

ಶನಿವಾರ ಹನ್ನೆರಡರ ಸುಮಾರಿಗೆ ಗುಜರಿಯ ಹುಕ್ರಪ್ಪ ಬಂದ. ತಿಂಗಳಿಗೊಮ್ಮೆ ಕಬ್ಬಿಣದ ಚೂರು, ಬಿಸಾಡಿದ ಡಿಸ್ಕುಗಳನ್ನು ಒಯ್ಯುವವನು ಅವನು. ಕಮಲಾಕ್ಷ ಬೆನ್ನು ಹಾಕಿ ಪಂಪಿನ ಶಾಫ್ಟಿಗೆ ಎಣ್ಣೆ ಬಿಡುತ್ತಿದ್ದ. ಪಕ್ಕದ ಕಂಪ್ರೆಸರ್ ಗುರ್ ಎನ್ನುತ್ತಲೇ ಇತ್ತು. ಹುಕ್ರಪ್ಪನ ಕೈ ಜಾರಿ ಒಂದು ಡಿಸ್ಕು ಸಿಮೆಂಟಿನ ನೆಲಕ್ಕೆ ಬಿತ್ತು.

ಟಣ್ಣ್ ಎಂದು ಅದು ಇಡೀ ಶೆಡ್ಡಿಗೆ ಕೇಳಿತು. ಕಮಲಾಕ್ಷನಿಗೂ ಕೇಳಿತು, ಕೆಟ್ಟ ಕಿವಿಗೇ ಕೇಳಿತು.

ಅವನು ಎಣ್ಣೆಯ ಡಬ್ಬಿಯನ್ನು ಅಲ್ಲೇ ಇಟ್ಟ. ಓಡಿಬಂದು ಆ ಡಿಸ್ಕನ್ನು ಎತ್ತಿ ತಂತಿಗೆ ಸಿಕ್ಕಿಸಿ ತಟ್ಟಿದ. ಟಣ್. ಇನ್ನೊಂದನ್ನು ಹಾಕಿದ. ಟಣ್. ಅದೇ ಕಿವಿ, ಅದೇ ಕಂಪ್ರೆಸರ್, ಅದೇ ಜಾಗ. ಗುರುವಾರ ಮಂದವಾಗಿದ್ದದ್ದು ಕಿವಿಯಲ್ಲ.

"ಎಂತ ಆಯ್ತು ಧಣಿ?" ಎಂದ ಹುಕ್ರಪ್ಪ. ಕಮಲಾಕ್ಷ ಫೋನು ತೆಗೆದು ಗೌಡರಿಗೆ ಹಚ್ಚಿದ. ಯಾರೋ ಎತ್ತಿದರು. ಆಚೆ ಕಡೆ ಮೈಕು, ಪಾತ್ರೆಗಳ ಸದ್ದು, ಅದರ ನಡುವೆ ಒಂದು ಮಾತು. ಏನೆಂದು ತಿಳಿಯಲಿಲ್ಲ. "ಗಾಡಿ ತೆಗೀಬೇಡಿ, ಗೌಡ್ರೇ, ಗಾಡಿ ತೆಗೀಬೇಡಿ" ಎಂದು ಕೂಗಿದ. ಕೂಗುತ್ತಿದ್ದಾಗಲೇ ಫೋನು ಕಡಿದದ್ದು ಅವನಿಗೆ ಗೊತ್ತಾಗಲಿಲ್ಲ. ಹುಕ್ರಪ್ಪನೇ "ಕಟ್ ಆಗಿದೆ ಧಣಿ" ಎಂದ.

ಗ್ಯಾರೇಜಿಗೆ ಏರಿ ಬಂದಾಗ ಕಮಲಾಕ್ಷನಿಗೆ ಏದುಸಿರು ನಿಲ್ಲುತ್ತಿರಲಿಲ್ಲ. ಶುಕೂರ್ ಯಾವುದೋ ಕಾರಿನಡಿಯಿಂದ ಜಾರಿ ಹೊರಬಂದ.

"ನೀನು ಫೋನು ಮಾಡು. ಗೌಡ್ರಿಗೆ. ನನಗೆ ಫೋನಿನಲ್ಲಿ ಕೇಳುದಿಲ್ಲ."

"ಕೇಳುದಿಲ್ಲ ಅಂದ್ರೆ?"

"ಕಿವಿ ಕೇಳುದಿಲ್ಲ ಮಾರಾಯ. ಎರಡು ವರ್ಷ ಆಯ್ತು. ಎಡದ ಡಿಸ್ಕು ಬಿರುಕು ಬಿಟ್ಟದ್ದು. ನನಗೆ ದನಿ ಮಂದ ಬಂತು, ನನ್ನ ಕಿವಿಯದ್ದೇ ದೋಷ ಅಂತ ಬಿಟ್ಟೆ."

ಶುಕೂರ್ ಅವನ ಮುಖ ನೋಡಿದ. ಬೈಯುವನೆಂದು ಕಮಲಾಕ್ಷ ಕಾದ. ಬೈಯಲಿಲ್ಲ. ಫೋನು ಹಚ್ಚಿದ, ಸಿಗಲಿಲ್ಲ. ಮತ್ತೆ ಹಚ್ಚಿದ, ವ್ಯಾಪ್ತಿ ಪ್ರದೇಶದಲ್ಲಿಲ್ಲ. ಕೈ ಒರೆಸಿಕೊಂಡು ಓಮ್ನಿಯ ಬೀಗದಕೈ ತೆಗೆದುಕೊಂಡ. "ಹತ್ತಿ. ಅವರು ಇಳಿಯುವ ಮೊದಲು ಚಾರ್ಮಾಡಿಗೆ ಮುಟ್ಟುವ."

ಹತ್ತುವಾಗ ಆ ಡಿಸ್ಕು ತಡೆದದ್ದು ದೊಡ್ಡದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹತ್ತುವಾಗ ಬ್ರೇಕಿಗೆ ಕೆಲಸ ಕಡಿಮೆ. ಇಳಿಯುವಾಗಲೇ ಅದು ಕಾಯುವುದು, ಕಾದು ಹಿಗ್ಗುವುದು, ಹಿಗ್ಗಿದಾಗ ಬಿರುಕು ಬಾಯಿ ಬಿಡುವುದು.

ಜನವರಿಯ ಬಿಸಿಲು ಬೆಳ್ಳಗೆ ಚೆಲ್ಲಿತ್ತು. ಆಕಾಶದಲ್ಲಿ ಒಂದು ಮೋಡ ಇಲ್ಲ. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ. ಪೇಟೆಗಳಲ್ಲಿ ಜನ ಶನಿವಾರದ ಸಂತೋಷದಲ್ಲಿದ್ದರು. ಕಮಲಾಕ್ಷ ಎದುರು ಬರುವ ಕಾರುಗಳ ಎಡ ಚಕ್ರವನ್ನೇ ನೋಡುತ್ತಿದ್ದ. ಎಲ್ಲ ಚಕ್ರಗಳೂ ಸುಮ್ಮನೆ ತಿರುಗುತ್ತಿದ್ದವು. ಬೆಳ್ತಂಗಡಿಯಲ್ಲಿ ಯಾವುದೋ ಮದುವೆಯ ದಿಬ್ಬಣಕ್ಕೆ ಐದು ನಿಮಿಷ ನಿಲ್ಲಬೇಕಾಯಿತು. ಆ ಐದು ನಿಮಿಷ ಅವನು ಕಾಲಡಿಯ ತಗಡನ್ನು ಬ್ರೇಕಿನಂತೆ ಒತ್ತಿ ಹಿಡಿದು ಕೂತಿದ್ದ.

ಉಜಿರೆ ದಾಟುವಾಗ ಶುಕೂರನ ಫೋನು ಬಡಿಯಿತು. ಗೌಡರ ನಂಬರು. ಅವನು ಬದಿಗೆ ನಿಲ್ಲಿಸಿ ಸ್ಪೀಕರಿಗೆ ಹಾಕಿದ. ಮಾತಾಡಿದ್ದು ಗೌಡರ ಹೆಂಡತಿ ಲೋಲಾಕ್ಷಿ. ದನಿ ಇತ್ತು ಎಂಬುದಷ್ಟೇ ಕಮಲಾಕ್ಷನಿಗೆ ತಿಳಿಯಿತು.

"ಶುಕೂರಾ, ನಿಮ್ಮ ಮಿಸ್ಡ್ ಕಾಲ್ ಇತ್ತಲ್ಲ. ಇವರು ಗಾಡಿ ಬಿಡ್ತಾ ಇದ್ದಾರೆ. ಈಗಷ್ಟೇ ಘಾಟಿಯ ಅಣ್ಣಪ್ಪನ ಗುಡಿಯಲ್ಲಿ ಕೈಮುಗಿದು ಹೊರಟೆವು. ಬ್ರೇಕು ಬೆಣ್ಣೆಯ ಹಾಗುಂಟಂತೆ, ಲೇತಿನವರಿಗೆ ಹೇಳಿ ಅಂದ್ರು..."

"ಅಕ್ಕಾ, ನಿಲ್ಲಿಸ್ಲಿಕ್ಕೆ ಹೇಳಿ! ಅಲ್ಲೇ ನಿಲ್ಲಿಸಿ!"

ಫೋನು ಕಡಿದಿತ್ತು. ಎಲ್ಲಿ ಕಡಿಯಿತು, ಕೊನೆಯ ಮಾತು ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ. ಶುಕೂರ್ ಗೇರು ಹಾಕಿದ. "ಎಂತ ಹೇಳಿದ್ರು?" ಎಂದು ಕಮಲಾಕ್ಷ ಕೇಳಿದ. ಶುಕೂರ್ "ಬ್ರೇಕು ಬೆಣ್ಣೆಯ ಹಾಗುಂಟಂತೆ" ಎಂದ.

ಮುಂಡಾಜೆ ದಾಟಿತು. ಗೌಡರ ಮನೆಗೆ ತಿರುಗುವ ದಾರಿಯೂ ದಾಟಿತು. ಚಾರ್ಮಾಡಿಯ ಚೆಕ್‌ಪೋಸ್ಟಿನಲ್ಲಿ ಕೇಳಿದರೆ ಗೌಡರ ಬೂದು ಬಣ್ಣದ ಕಾರು ಇಳಿದುಬಂದದ್ದು ಯಾರೂ ನೋಡಿರಲಿಲ್ಲ. ಮೇಲೆ ಹೋದರು. ಮೊದಲ ತಿರುವು, ಎರಡನೆಯದು. ಎದುರಿನಿಂದ ಬರುವ ವಾಹನಗಳು ಒಂದೊಂದಾಗಿ ಕಡಿಮೆಯಾದವು. ಆಮೇಲೆ ಒಂದೂ ಬರಲಿಲ್ಲ. ಖಾಲಿ ರಸ್ತೆಯನ್ನು ನೋಡಿ ಶುಕೂರ್ ಬಾಯಲ್ಲೇ ಏನೋ ಪ್ರಾರ್ಥನೆ ಹೇಳತೊಡಗಿದ. ಐದನೆಯ ತಿರುವಿನ ಮೇಲೆ ಬಸ್ಸೊಂದು ಅಡ್ಡ ನಿಂತಿತ್ತು. ಜನ ಇಳಿದು ಗುಂಪಾಗಿದ್ದರು.

ಕಾರಿನ ಮೂತಿ ಬಲಬದಿಯ ಗುಡ್ಡದ ಚರಂಡಿಯಲ್ಲಿ ಹೂತಿತ್ತು. ಹಿಂದಿನ ಚಕ್ರ ಒಂದು ಗೇಣು ಮೇಲೆದ್ದಿತ್ತು. ಪದ್ಮಯ್ಯ ಗೌಡರು ಬರಿಗಾಲಲ್ಲಿ ರಸ್ತೆಯ ನಡುವೆ ನಿಂತು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಲೋಲಾಕ್ಷಿ ಮೋರಿಯ ಕಟ್ಟೆಯ ಮೇಲಿದ್ದರು. ಹಣೆಯಿಂದ ಇಳಿದ ರಕ್ತ ಹೊಸ ಸೀರೆಯ ಮೇಲೆ ಆಗಲೇ ಕಪ್ಪಾಗಿತ್ತು. ಬಲಗೈ ಮಣಿಕಟ್ಟಿನಲ್ಲಿ ಇರಬೇಕಾದ ಹಾಗೆ ಇರಲಿಲ್ಲ. ಮಗಳು ತೃಷಾ ತಾಯಿಯ ತಲೆಗೆ ತನ್ನ ಶಾಲು ಒತ್ತಿ ಹಿಡಿದಿದ್ದಳು. ಅವಳಿಗೆ ಗಾಯವಿರಲಿಲ್ಲ.

ಕಮಲಾಕ್ಷ ಅವರ ಕಡೆ ಹೋಗಲಾರದೆ ಕಾರಿನ ಪಕ್ಕ ಕುಳಿತು ಎಡ ಚಕ್ರದ ಸಂದಿನಲ್ಲಿ ಇಣುಕಿದ. ಡಿಸ್ಕಿನ ಅಂಚು ಕುತ್ತಿಗೆಯಿಂದ ಪೂರ್ತಿ ಕಳಚಿಕೊಂಡು ಬ್ರೇಕಿನ ಹಿಡಿತದಲ್ಲಿ ನೇತಾಡುತ್ತಿತ್ತು. ಬ್ರೇಕು ಅಂಚನ್ನು ಬಿಗಿಯಾಗಿ ಹಿಡಿದೇ ಇತ್ತು. ಚಕ್ರ ಮಾತ್ರ ಅದರಿಂದ ಬಿಡುಗಡೆಯಾಗಿತ್ತು. ಮುರಿದ ಜಾಗದ ಮುಕ್ಕಾಲು ಭಾಗ ತುಕ್ಕಿನಿಂದ ಕಂದು. ಹೊಳೆಯುವ ಹೊಸ ಮುರಿತ ಎರಡು ಬೆರಳಿನಷ್ಟೇ. ಗುರುವಾರ ಲೇತಿನ ಮೇಲೆ ತಿರುಗುವಾಗ ಆ ಡಿಸ್ಕನ್ನು ಹಿಡಿದಿದ್ದದ್ದು ಆ ಎರಡು ಬೆರಳು.

ಶುಕೂರ್ ಪಕ್ಕದಲ್ಲಿ ಬಗ್ಗಿದ. "ಹಳೆ ಬಿರುಕು ಅಣ್ಣ" ಎಂದು ಕಿವಿಯ ಹತ್ತಿರ ಹೇಳಿದ.

ಕಮಲಾಕ್ಷ ಎದ್ದು ರಸ್ತೆಯ ಎಡಕ್ಕೆ ನೋಡಿದ. ಅಲ್ಲಿ ಮೊಣಕಾಲೆತ್ತರದ ತಡೆಗೋಡೆ. ಅದರಾಚೆ ಏನೂ ಇಲ್ಲ, ತುಂಬ ಕೆಳಗೆ ಮರಗಳ ತುದಿ. ಎಡದ ಬ್ರೇಕು ಹೋದದ್ದರಿಂದ ಬಲದ್ದು ಹಿಡಿದು ಕಾರನ್ನು ಬಲಕ್ಕೆ, ಗುಡ್ಡದ ಕಡೆಗೆ ಎಳೆದಿತ್ತು. ಎದುರಿನಿಂದ ಲಾರಿ ಬಂದಿರಲಿಲ್ಲ. ಬಿರುಕು ಬಲದ ಡಿಸ್ಕಿನಲ್ಲಿದ್ದಿದ್ದರೆ ಎಂಬಲ್ಲಿಗೆ ಅವನ ಆಲೋಚನೆ ಬಂದು ನಿಂತಿತು. ಮುಂದೆ ಹೋಗಲಿಲ್ಲ.

ಲೋಲಾಕ್ಷಿಯನ್ನು ಓಮ್ನಿಯಲ್ಲಿ ಮಲಗಿಸಿ ಕೆಳಗೆ ತಂದರು. ದಾರಿಯಲ್ಲಿ ಗೌಡರು ಒಂದೇ ಮಾತನ್ನು ಹೇಳುತ್ತಿದ್ದರು: "ಶುಕೂರ್ ಹೊಸತು ಹಾಕುವ ಅಂತ ಹೇಳಿದ್ದ. ನಾನೇ ಕೇಳಲಿಲ್ಲ. ನನ್ನದೇ ತಪ್ಪು." ಶುಕೂರ್ ಕನ್ನಡಿಯಲ್ಲಿ ಕಮಲಾಕ್ಷನನ್ನು ನೋಡಿದ. ಕಮಲಾಕ್ಷ ಬಾಯಿ ತೆರೆದ. ಆಗ ಲೋಲಾಕ್ಷಿ ನರಳಿದರು. ಅವನು ಬಾಯಿ ಮುಚ್ಚಿದ. ಆಸ್ಪತ್ರೆಯ ಜಗಲಿಯಲ್ಲಿ ಸಂಜೆಯವರೆಗೆ ಕೂತರೂ ಅದು ಮತ್ತೆ ತೆರೆಯಲಿಲ್ಲ.

ಮನೆಗೆ ಬಂದು ಕಾಂತಿಗೆ ಎಲ್ಲ ಹೇಳಿದ. ಕಿವಿಯ ಸುದ್ದಿಗೆ ಬಂದಾಗ ಅವಳು, "ಅದು ನನಗೆ ಗೊತ್ತುಂಟು. ಕುಕ್ಕರಿನ ಸೀಟಿ ಎಣಿಸ್ಲಿಕ್ಕೆ ನಿಮ್ಮತ್ರ ಹೇಳುದನ್ನು ಯಾಕೆ ಬಿಟ್ಟೆ ಅಂದ್ಕೊಂಡ್ರಿ? ನೀವೇ ಹೇಳ್ಲಿ ಅಂತ ಕಾದೆ" ಎಂದಳು. ಮತ್ತೆ, "ನಾನು ಕಾಯಬಾರದಿತ್ತು" ಎಂದಳು.

ಮೂರನೇ ದಿನ ಗಂಡ ಹೆಂಡತಿ ಇಬ್ಬರೂ ಮುಂಡಾಜೆಗೆ ಹೋದರು. ಲೋಲಾಕ್ಷಿ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಚಾವಡಿಯಲ್ಲಿ ಕೂತಿದ್ದರು. ಗೌಡರು ನೀರು ಬೆಲ್ಲ ತರಿಸಿದರು. ಕಮಲಾಕ್ಷ ಅದನ್ನು ಮುಟ್ಟದೆ ನಿಂತುಕೊಂಡೇ ಹೇಳಿದ, ಎರಡು ವರ್ಷದಿಂದ ಕಿವಿ ಕೇಳದ್ದು, ತಟ್ಟಿದ್ದು, ಮಂದ ಬಂದದ್ದು, ಮೂರನೇ ಸಲ ತಟ್ಟಲು ಹೆದರಿದ್ದು.

ಗೌಡರು ಅಂಗಳದ ಕಡೆಗೆ ತಿರುಗಿದರು. "ನನ್ನ ತಪ್ಪು ಅಂತ ಮೂರು ದಿನದಿಂದ ಸಾಯ್ತಾ ಇದ್ದೇನೆ ಕಮಲಾಕ್ಷರೇ. ಆಸ್ಪತ್ರೆಯ ಜಗಲಿಯಲ್ಲಿ ನೀವು ನನ್ನ ಪಕ್ಕವೇ ಕೂತಿದ್ರಿ," ಎಂದರು. ದನಿ ಏರಲಿಲ್ಲ. ಎದ್ದು ತೋಟದ ಕಡೆಗೆ ಹೋದರು.

ಲೋಲಾಕ್ಷಿ ಮಾತ್ರ ಕಮಲಾಕ್ಷನ ಮುಖವನ್ನೇ ನೋಡುತ್ತಿದ್ದರು. ಅವನಿಗೆ ಕೇಳಲೆಂದು ಮೆಲ್ಲಗೆ, ಬಿಡಿಸಿ ಬಿಡಿಸಿ ಕೇಳಿದರು: "ಎರಡು ವರ್ಷ ಅಂದ್ರಲ್ಲ. ಆ ಎರಡು ವರ್ಷದಲ್ಲಿ ಇಂಥದ್ದು ಎಷ್ಟು ಮಾಡಿ ಕೊಟ್ಟಿದ್ದೀರಿ?"

ಅದುವರೆಗೆ ಕಮಲಾಕ್ಷನಿಗೆ ಆ ಪ್ರಶ್ನೆ ಬಂದಿರಲಿಲ್ಲ.

ಮರುದಿನದಿಂದ ಅವನೂ ಶುಕೂರನೂ ನೆನಪಿನ ಮೇಲೆ ಕೂತರು. ಯಾರ ಕಾರು, ಯಾವ ಮೆಕ್ಯಾನಿಕ್ ತಂದದ್ದು, ಯಾವ ಊರು. ಬೆಳ್ತಂಗಡಿ, ವೇಣೂರು, ಫರಂಗಿಪೇಟೆ, ಸಿದ್ದಕಟ್ಟೆ. ಮೂವತ್ತೊಂದು ಕಾರು. ಎಲ್ಲರಿಗೂ ಫೋನು ಮಾಡಿದ್ದು ಕಾಂತಿ. "ನನ್ನ ಗಂಡನಿಗೆ ಕಿವಿ ಕೇಳುದಿಲ್ಲ, ನಿಮ್ಮ ಡಿಸ್ಕು ಇನ್ನೊಮ್ಮೆ ನೋಡ್ಬೇಕು" ಎಂದು ನೇರ ಹೇಳಿದಳು. ಕೆಲವರು ನಕ್ಕರು, ಒಬ್ಬ ಬಾಯಿಗೆ ಬಂದ ಹಾಗೆ ಬೈದ, ಹೆಚ್ಚಿನವರು ಹೆದರಿ ಅಂದೇ ಬಂದರು. ಶುಕೂರ್ ಬಿಚ್ಚಿ ತರುತ್ತಿದ್ದ. ಕಮಲಾಕ್ಷ ತಂತಿಗೆ ಹಾಕಿ ತಟ್ಟುತ್ತಿದ್ದ. ಕೇಳುವ ಕೆಲಸ ಕಾಂತಿಯದು. ಶೆಡ್ಡಿನ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು, ಮೊದಲ ನಾಲ್ಕೈದಕ್ಕೆ ಅನುಮಾನಿಸಿದಳು. ಆಮೇಲೆ ಅವಳಿಗೆ ಗೊತ್ತಾಗತೊಡಗಿತು. ಪಂಕ್ಚರ್ ಅಂಗಡಿಯವನು ಕೇಳದೆಯೇ ಕಂಪ್ರೆಸರ್ ಬಂದ್ ಮಾಡುತ್ತಿದ್ದ.

ಇಪ್ಪತ್ತೆರಡನೆಯ ಕಾರಿನ ಬಲದ ಡಿಸ್ಕು ಡಬ್ ಎಂದಿತು. ಫರಂಗಿಪೇಟೆಯಿಂದ ದಿನಾ ಮಕ್ಕಳನ್ನು ಶಾಲೆಗೆ ಬಿಡುವ ಶಹರ್ಬಾನು ಎಂಬವರ ಕಾರು ಅದು. ಆಕೆ ಆ ಸದ್ದು ಕೇಳಿ ಬೆಂಚಿನ ಮೇಲೆ ಕೂತುಬಿಟ್ಟರು. ಕಮಲಾಕ್ಷ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ.

ಮೂವತ್ತು ಮುಗಿಯಿತು. ಮೂವತ್ತೊಂದನೆಯದು ಮೂಡುಬಿದಿರೆಯ ನಿವೃತ್ತ ಮಾಸ್ತರರೊಬ್ಬರದು. ಅವರ ಫೋನು ಸಿಗದೆ ಮೂವರೂ ಅಲ್ಲಿಗೆ ಹೋದರು. ಮಾಸ್ತರರು ಚಹಾ ಕೊಟ್ಟು, ಕಾರು ಕಳೆದ ದೀಪಾವಳಿಗೇ ಮಾರಿ ಆಯಿತಲ್ಲ ಎಂದರು. ಕೊಂಡವನು ಬ್ರೋಕರ್. ಅವನು ಕಾರ್ಕಳದ ಇನ್ನೊಬ್ಬನಿಗೆ ಕೊಟ್ಟಿದ್ದ, ಆ ಇನ್ನೊಬ್ಬ ಘಾಟಿಯ ಮೇಲಿನ ಯಾರಿಗೋ. ಹೆಸರು ನೆನಪಿಲ್ಲ, ಫೋನು ನಂಬರು ಬದಲಾಗಿದೆ. ದಾಖಲೆಯಲ್ಲಿ ಕಾರು ಈಗಲೂ ಮಾಸ್ತರರ ಹೆಸರಿನಲ್ಲೇ ಇತ್ತು. ಪೊಲೀಸರಿಗೆ ಅರ್ಜಿ ಕೊಟ್ಟರು. ಅವರು ತೆಗೆದುಕೊಂಡರು.

ಕಮಲಾಕ್ಷ ಈಗ ಕಿವಿಗೆ ಯಂತ್ರ ಹಾಕಿಕೊಂಡಿದ್ದಾನೆ. ಪಂಪಿನ ಶಾಫ್ಟು, ಪುಲ್ಲಿ ಮಾಡುತ್ತಾನೆ. ಬ್ರೇಕು ಮುಟ್ಟುವುದಿಲ್ಲ. ಡಿಸ್ಕು ಹಿಡಿದು ಬಂದವರಿಗೆ ಕಾರಣವನ್ನೂ ಸೇರಿಸಿ ಹೇಳಿ ಕಳಿಸುತ್ತಾನೆ. ವಾರಕ್ಕೊಮ್ಮೆ ಶುಕೂರನ ಓಮ್ನಿಯಲ್ಲಿ ಇಬ್ಬರೂ ಘಾಟಿ ಹತ್ತಿ ಕೊಟ್ಟಿಗೆಹಾರದ ಗ್ಯಾರೇಜುಗಳಲ್ಲಿ ವಿಚಾರಿಸುತ್ತಾರೆ. ಮಾಸ್ತರರ ಕಾರಿನ ಗುರುತು ಹೇಳುತ್ತಾರೆ: ಬಿಳಿ ಬಣ್ಣ, ಹಿಂದಿನ ಗಾಜಿನ ಮೇಲೆ ಶಾಲೆಯೊಂದರ ಶತಮಾನೋತ್ಸವದ ಸ್ಟಿಕ್ಕರು. ಕಳೆದ ವಾರ ಒಬ್ಬ ಮೆಕ್ಯಾನಿಕ್, ಅಂಥದ್ದೊಂದು ಕಾರು ಬಂದಿತ್ತು, ಬ್ರೇಕು ಚೆನ್ನಾಗಿದೆ ಎಂದು ಹಾಗೆಯೇ ಕಳಿಸಿದೆ ಎಂದ. ಯಾವ ಕಡೆಗೆ ಹೋಯಿತು ಎಂದು ಕೇಳಿದರೆ, ಕೆಳಗೆ, ಎಂದು ಘಾಟಿಯ ಕಡೆಗೆ ಕೈ ತೋರಿಸಿದ.